ದೇವರಾಜು ಸಮುದ್ರದ ಟೈಮ್ ಹುಡುಕಿದ್ದು

ಹೋದ ವರ್ಷ ಭಾಗ್ಯೋದಯ ಮಹಿಳಾ ಸಂಘದ ಹದಿನಾಲ್ಕು ಜನ ಹೆಂಗಸರು ಸಮುದ್ರ ನೋಡಲು ಹೋಗಿ ಗೋಡೆ ನೋಡಿಕೊಂಡು ಬಂದರು. ಅದಕ್ಕೆ ಕಾರಣ ದೇವರಾಜು.

ದೇವರಾಜು ಹಾರಂಗಿ ನಾಲೆಯ ಮೇಲೆ ಮೂವತ್ತೆರಡು ವರ್ಷ ಸೌಡಿಯಾಗಿದ್ದವನು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಹರಿಯಬೇಕು ಎಂದು ಹೇಳುವುದು ಅವನ ಕೆಲಸ. ನಿವೃತ್ತನಾಗಿ ಮೂರು ವರ್ಷವಾದರೂ ಕುಶಾಲನಗರದ ಆಚೆಯ ಆ ಸಣ್ಣ ಊರಿನಲ್ಲಿ ಅವನನ್ನು ಸೌಡಿಯಣ್ಣ ಎಂದೇ ಕರೆಯುತ್ತಿದ್ದರು. ನೀರಿನ ವಿಷಯಕ್ಕೆ ಅವನ ಮಾತಿಗೆ ಎದುರಿರಲಿಲ್ಲ. ಹಾಗಾಗಿ ಸಂಘದ ಅಧ್ಯಕ್ಷೆಯೂ ಅವನ ಹೆಂಡತಿಯೂ ಆದ ವನಜಮ್ಮ, "ರೀ, ಬೀಚಿಗೆ ಎಷ್ಟೊತ್ತಿಗೆ ಹೋದ್ರೆ ಒಳ್ಳೇದು?" ಎಂದು ಕೇಳಿದಾಗ, ಅವನು ಶುಂಠಿಯ ಮಣ್ಣು ಕೊಡವುತ್ತಿದ್ದವನು ತಲೆ ಕೂಡ ಎತ್ತದೆ, "ಸಮುದ್ರಕ್ಕೇನೆ ಟೈಮು? ಯಾವಾಗ ಹೋದ್ರೂ ಇರ್ತದೆ" ಎಂದಿದ್ದ.

ಇತ್ತು. ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಮಾಕುಟ್ಟದ ಘಾಟಿ ಇಳಿದು ಕಣ್ಣೂರಿನ ಕಡೆ ಹೋದರೆ ಸಿಗುವ ಪಾರಕಡವು ಎಂಬ ಆ ಬೀಚಿನಲ್ಲಿ ಮರಳು ಕಾಣುವುದು ಸಮುದ್ರ ಇಳಿದಾಗ ಮಾತ್ರ. ಉಬ್ಬರದ ಹೊತ್ತಿನಲ್ಲಿ ನೀರು ನೇರವಾಗಿ ರಸ್ತೆಬದಿಯ ಕಲ್ಲುಗೋಡೆಗೆ ಬಂದು ಬಡಿಯುತ್ತದೆ. ಅಂಗೈಯಷ್ಟು ಮರಳೂ ಇರುವುದಿಲ್ಲ. ಇವರು ಹುಣ್ಣಿಮೆಯ ದಿನ ಮಟಮಟ ಮಧ್ಯಾಹ್ನಕ್ಕೆ ತಲುಪಿದ್ದರು. ಹದಿನಾಲ್ಕು ಜನರೂ ಗಾಡಿಯಲ್ಲೇ ಕೂತು, ಗೋಡೆಯ ಮೇಲಿಂದ ಹಾರಿ ಬೀಳುವ ನೀರು ನೋಡುತ್ತಾ ಪುಳಿಯೋಗರೆ ತಿಂದರು. ಮೂರು ಗಂಟೆಗೆ ಡ್ರೈವರ್ ಹಾರ್ನ್ ಹೊಡೆದ. ವಾಪಸು ಬಂದರು.

"ಗೋಡೆ ನೋಡಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಸೌಡಿಯಣ್ಣ? ನಮ್ಮನೆ ಕಾಂಪೌಂಡೇ ಇತ್ತಲ್ಲ" ಎಂದು ಪಕ್ಕದ ಮನೆಯ ಚಲುವಮ್ಮ ಹಾಲಿನ ಡೇರಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದಳು. ಆಮೇಲೆ ವರ್ಷವಿಡೀ ದೇವರಾಜು ಎಲ್ಲಿ ಹೋದರೂ ಯಾರಾದರೊಬ್ಬರು ಗೋಡೆಯ ಮಾತು ಎತ್ತುತ್ತಿದ್ದರು. ಮೂವತ್ತೆರಡು ವರ್ಷದ ಮರ್ಯಾದೆ ಒಂದು ಮಧ್ಯಾಹ್ನಕ್ಕೆ ಕೊಚ್ಚಿಹೋಗಿತ್ತು.

ಈ ವರ್ಷ ಜನವರಿಯಲ್ಲಿ ಸಂಘ ಮತ್ತೆ ಪಾರಕಡವಿಗೇ ಹೋಗುವುದೆಂದು ತೀರ್ಮಾನಿಸಿತು. ಮುಂದಿನ ಭಾನುವಾರವಲ್ಲ, ಅದರ ಮುಂದಿನದು. ವನಜಮ್ಮ ಸಭೆ ಮುಗಿಸಿ ಬಂದವಳೇ ಗಂಡನ ಮುಂದೆ ನಿಂತಳು.

"ಸಮುದ್ರ ಎಷ್ಟೊತ್ತಿಗೆ ಇಳೀತದೆ ಅಂತ ನೀವೇ ಹುಡುಕಿ ಹೇಳ್ಬೇಕು. ಹೆಚ್ಚುಕಮ್ಮಿ ಆಗಂಗಿಲ್ಲ. ಮಿನಿಟ್ ಬುಕ್ಕಲ್ಲಿ ನಿಮ್ಮ ಹೆಸರು ಬರ್ಸಿದೀವಿ."

"ನನ್ನ ಹೆಸರ್ಯಾಕೆ? ನಾನೇನು ಸಂಘದ ಮೆಂಬರಾ?"

"ತಪ್ಪಾದ್ರೆ ಯಾರ್ನ ಬಯ್ಯೋದು ಅಂತ ಗೊತ್ತಿರ್ಲಿ ಅಂತ."

ಮಗಳು ತೇಜಸ್ವಿನಿ ಊರ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅವಳು ಸಂಜೆ ಬಂದು ಫೋನ್ ತೆಗೆದು, "ಇದಕ್ಯಾಕಪ್ಪ ಇಷ್ಟು ತಲೆ ಕೆಡಿಸ್ಕೋತೀಯ? ಎರಡು ನಿಮಿಷದ ಕೆಲಸ" ಎಂದಳು. ಎರಡು ನಿಮಿಷದಲ್ಲಿ ಉತ್ತರವೂ ಸಿಕ್ಕಿತು. ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷಕ್ಕೆ ಇಳಿತ. ದೇವರಾಜು ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದುಕೊಂಡ. ಖಾತ್ರಿಗೆ ಇನ್ನೊಂದು ಕಡೆ ನೋಡು ಎಂದ. ಇನ್ನೊಂದು ಕಡೆ ಮಧ್ಯಾಹ್ನ ಎರಡು ಮೂವತ್ತೈದು ಎಂದಿತ್ತು. ಮೂರನೆಯದರಲ್ಲಿ ಒಂದು ಹತ್ತು.

"ಒಂದೇ ಸಮುದ್ರಕ್ಕೆ ಮೂರು ಟೈಮಾ?" ಎಂದು ದೇವರಾಜು ಕನ್ನಡಕ ತೆಗೆದು ಮಗಳನ್ನು ನೋಡಿದ. "ನಮ್ಮ ಡಿಪಾರ್ಟ್‌ಮೆಂಟಲ್ಲಿ ಒಂದೇ ತೂಬಿಗೆ ಮೂರು ರೀಡಿಂಗ್ ಬರೆದಿದ್ರೆ ಮೂರು ಜನಾನೂ ಸಸ್ಪೆಂಡ್ ಆಗಿರೋರು."

"ಮೂರನೇದು ಬೇರೆ ಯಾವುದೋ ಬಂದರಿಂದು ಇರ್ಬೇಕಪ್ಪ. ಮಿಕ್ಕಿದ್ದೆರಡು ಯಾಕೆ ಹಿಂಗೆ ಅಂತ ಗೊತ್ತಾಗ್ತಿಲ್ಲ."

ಕೆಲವರು ಇಷ್ಟಕ್ಕೆ ಮೂರನ್ನೂ ಕೂಡಿಸಿ ಭಾಗಿಸಿ ಸುಮ್ಮನಾಗುತ್ತಿದ್ದರೇನೋ. ದೇವರಾಜು ಹಾಗಲ್ಲ. ಅವನ ಲೆಕ್ಕದಲ್ಲಿ ನೀರನ್ನು ನಂಬುವುದಕ್ಕೆ ದಾರಿ ಒಂದೇ: ಹೋಗಿ, ಕಂಬ ನೆಟ್ಟು, ಕಣ್ಣಾರೆ ನೋಡಿ ಬರೆದುಕೊಳ್ಳುವುದು. ಪ್ರತಿದಿನ ಬೆಳಿಗ್ಗೆ ಪಿಕಪ್ಪಿನಲ್ಲಿ ಮೀನು ತಂದು ಊರೂರಿಗೆ ಮಾರುವ ಮೊಯ್ದುವಿನ ಮನೆ ಪಾರಕಡವಿನ ಪಕ್ಕದಲ್ಲೇ ಇತ್ತು. ದೇವರಾಜು ಅವನನ್ನು ತಡೆದು ವಿಷಯ ಹೇಳಿದ.

"ಅದಕ್ಕೆಂತ, ಬನ್ನಿ ಸೌಡಿಯಣ್ಣ" ಎಂದ ಮೊಯ್ದು. "ಮಂಗಳವಾರ ಮಧ್ಯಾಹ್ನ ಖಾಲಿ ಗಾಡಿ ಹೋಗ್ಲಿಕ್ಕುಂಟು. ನಮ್ಮ ಮನೇಲೇ ಉಳೀರಿ. ಕಡಲಿನ ವಿಷಯ ನನ್ನ ಎಳೇಮನಿಗೆ ಗೊತ್ತಿರುವಷ್ಟು ಯಾರಿಗೂ ಇಲ್ಲ." ಎಳೇಮ ಎಂದರೆ ಅವನ ಚಿಕ್ಕಮ್ಮ, ಪಾತುಮ್ಮ.

ಆದರೆ ದೇವರಾಜು ಹೊರಟಿದ್ದು ಯಾರನ್ನೋ ಕೇಳುವುದಕ್ಕಲ್ಲ, ಅಳೆಯುವುದಕ್ಕೆ. ಏಳಡಿಯ ಪಿವಿಸಿ ಪೈಪಿಗೆ ಅಂಗುಲ ಅಂಗುಲಕ್ಕೆ ಕೆಂಪು ಬಣ್ಣದ ಗೆರೆ ಎಳೆದ. ಒಂದು ನೋಟ್‌ಬುಕ್, ಎರಡು ಪೆನ್ನು, ಹಳೆಯ ಖಾಕಿ ಅಂಗಿ. ಮಂಗಳವಾರ ಮೀನಿನ ಖಾಲಿ ಪೆಟ್ಟಿಗೆಗಳ ಜೊತೆ ಘಾಟಿ ಇಳಿದ.

ಬುಧವಾರ ಬೆಳಗಾಗುತ್ತಲೇ ಗೋಡೆಯ ಮೆಟ್ಟಿಲಿಳಿದು, ತೊಡೆ ಮಟ್ಟದ ನೀರಿನಲ್ಲಿ ಪೈಪ್ ನೆಟ್ಟ. ಆರೂವರೆಗೆ ಮೊದಲ ರೀಡಿಂಗ್. ಮೂರಡಿ ಎಂದು ಬರೆಯುವಷ್ಟರಲ್ಲಿ ಅಲೆ ಬಂದು ನಾಲ್ಕೂವರೆಯಾಯಿತು. ಹೊಡೆದುಹಾಕಿ ನಾಲ್ಕೂವರೆ ಎಂದು ಬರೆದರೆ ಅಲೆ ಹೋಗಿ ಎರಡಾಯಿತು. ನಾಲೆಯ ನೀರು ಎಂದೂ ಹೀಗೆ ಮಾಡಿದ್ದಿಲ್ಲ. ಕಂಬದ ಮುಂದೆ ನಿಂತರೆ ಅದು ಹೇಳಿದಂತೆ ಕೇಳುವ ದನದ ಹಾಗೆ ನಿಲ್ಲುತ್ತಿತ್ತು. "ಸ್ವಲ್ಪ ಸುಮ್ನಿರ್ತೀಯಾ?" ಎಂದು ದೇವರಾಜು ಸಮುದ್ರವನ್ನು ಗದರಿದ. ಅದು ಅವನ ನೋಟ್‌ಬುಕ್ಕನ್ನು ತೋಯಿಸಿತು.

ಬೆಳಗಿನ ವಾಕಿಂಗ್‌ಗೆ ಬಂದವರು ನಿಂತು ನೋಡಿದರು. ಖಾಕಿ ಅಂಗಿ, ಗೆರೆ ಹಾಕಿದ ಕಂಬ, ನೋಟ್‌ಬುಕ್ಕು. ಒಬ್ಬ ಸರ್ವೇನಾ ಎಂದು ಕೇಳಿದ. ಇನ್ನೊಬ್ಬ ಇಂಗ್ಲಿಷಿನಲ್ಲಿ ಯಾವ ಡಿಪಾರ್ಟ್‌ಮೆಂಟ್ ಎಂದ. ದೇವರಾಜು ಅಭ್ಯಾಸಬಲದಿಂದ "ಇರಿಗೇಷನ್, ಕರ್ನಾಟಕ" ಎಂದುಬಿಟ್ಟ. ಅರ್ಧ ಗಂಟೆಯಲ್ಲಿ ಟೀ ಅಂಗಡಿಯವನ ತನಕ ಸುದ್ದಿ ಮುಟ್ಟಿತು. ಕರ್ನಾಟಕದವರು ಸಮುದ್ರದ ನೀರನ್ನು ಘಾಟಿ ಹತ್ತಿಸಲು ಅಳತೆ ಮಾಡುತ್ತಿದ್ದಾರಂತೆ. ಲುಂಗಿ ಎತ್ತಿ ಕಟ್ಟಿದ ನಾಲ್ಕು ಜನ ಗೋಡೆಯ ಮೇಲೆ ಬಂದು ಕೂತು, ಮುಖ ಗಂಟಿಕ್ಕಿಕೊಂಡು ಅವನನ್ನೇ ಕಾಯತೊಡಗಿದರು.

ಒಂಬತ್ತರ ಹೊತ್ತಿಗೆ ಇನ್ನೊಂದು ಫಜೀತಿಯಾಯಿತು. ನೀರು ಹಿಂದೆ ಸರಿದು ಪೈಪು ಒಣಮರಳಿನಲ್ಲಿ ಒಂಟಿಯಾಗಿ ನಿಂತಿತು. ಅದನ್ನು ಕಿತ್ತು ಮುಂದೆ ನೆಟ್ಟರೆ ಹಳೆಯ ರೀಡಿಂಗೂ ಹೊಸದೂ ತಾಳೆಯಾಗುವುದಿಲ್ಲ. ಅವನು ಪೈಪು ಹಿಡಿದುಕೊಂಡು ಅತ್ತಿತ್ತ ನೋಡುತ್ತಿದ್ದಾಗ ಹಿಂದಿನಿಂದ ಒಂದು ದನಿ ಕೇಳಿತು.

"ಎಂತ ಅಳೀಲಿಕ್ಕೆ ಬಂದದ್ದು? ಕಡಲನ್ನಾ?"

ಬೆತ್ತದ ಬುಟ್ಟಿ ಹಿಡಿದ, ತಲೆಗೆ ಬಿಳಿ ತಟ್ಟ ಹೊದ್ದ, ಎಪ್ಪತ್ತರ ಹತ್ತಿರದ ಹೆಂಗಸು. ಮೊಯ್ದುವಿನ ಎಳೇಮ ಪಾತುಮ್ಮ. ಬಾಳೆಲೆ ಎಂಬ ಊರಿನ ಕಾಫಿ ಎಸ್ಟೇಟಿನ ಲೈನ್‌ಮನೆಯಲ್ಲಿ ಹದಿನೆಂಟು ವರ್ಷ ಇದ್ದು ಕಾಫಿಹಣ್ಣು ಕುಯ್ದವರು. ಕನ್ನಡ ಅಲ್ಲಿ ಕಲಿತದ್ದು. ಈಗ ದಿನಾ ಇಳಿತದ ಹೊತ್ತಿಗೆ ಬಂದು ಬಂಡೆಗಂಟಿದ ಚಿಪ್ಪು, ಅವರ ಮಾತಿನ ಕಲ್ಲುಮ್ಮಕಾಯಿ, ಕೀಳುವುದು ಅವರ ಕೆಲಸ.

ದೇವರಾಜು ನೋಟ್‌ಬುಕ್ ತೋರಿಸಿದ. ಅವರು ಅದರ ಹೊಡೆದುಹಾಕಿದ ಸಾಲುಗಳನ್ನು ನೋಡಿ ಅಯ್ಯೋ ಪಾಪ ಎಂಬಂತೆ ಲೊಚಗುಟ್ಟಿದರು.

"ಈ ಕೋಲು ಬೇಡ. ಅಲ್ಲಿ ಮೂರು ಕಲ್ಲು ಕಾಣ್ತದಲ್ಲಾ? ಮೂರನೇದರ ಕಪ್ಪು ಹೊಟ್ಟೆ ಪೂರ ಕಂಡಾಗ ಕಡಲು ಇಳಿದು ಆಯ್ತು ಅಂತ. ಅದಕ್ಕಿಂತ ಕೆಳಗೆ ಹೋಗ್ಲಿಕ್ಕಿಲ್ಲ. ಆ ಹೊಟ್ಟೆ ಮತ್ತೆ ಒದ್ದೆ ಆಗ್ಲಿಕ್ಕೆ ಶುರುವಾದ್ರೆ ನಾನು ಮನೆಗೆ."

ದೇವರಾಜುವಿಗೆ ಮೈಯಲ್ಲಿ ಜೀವ ಬಂದಂತಾಯಿತು. ಬಂಡೆಗೆ ಅಲೆ ಬಡಿದರೂ ಬಂಡೆ ಅಲ್ಲಾಡುವುದಿಲ್ಲ, ಅದರ ಗುರುತು ಬದಲಾಗುವುದಿಲ್ಲ. ಅದಕ್ಕಿಂತ ಒಳ್ಳೆಯ ಗೇಜು ಯಾವ ಇಲಾಖೆಯೂ ಕೊಡಲಾರದು. ಅವನು ಪೈಪನ್ನು ಮರಳಿನಲ್ಲಿ ಮಲಗಿಸಿ ಬಂಡೆಯನ್ನೇ ನೋಡುತ್ತಾ ಕೂತ. ಗೋಡೆಯ ಮೇಲಿದ್ದ ನಾಲ್ವರು, ಕರ್ನಾಟಕದವನು ಕೆಲಸ ಬಿಟ್ಟು ಕೂತದ್ದು ನೋಡಿ, ಅಪಾಯ ಕಳೆಯಿತೆಂದು ಎದ್ದುಹೋದರು. ಹನ್ನೊಂದು ಗಂಟೆ ಹದಿನೈದು ನಿಮಿಷಕ್ಕೆ ಮೂರನೇ ಬಂಡೆಯ ಹೊಟ್ಟೆ ಪೂರ್ತಿ ಕಂಡಿತು. ದೇವರಾಜು ನೋಟ್‌ಬುಕ್ಕಿನಲ್ಲಿ ಹೊಡೆದುಹಾಕದ ಮೊದಲ ಸಾಲನ್ನು ಬರೆದ.

"ಹಂಗಾದ್ರೆ ಭಾನುವಾರಾನೂ ಹನ್ನೊಂದೂ ಕಾಲಿಗೆ!"

"ಇಲ್ಲಪ್ಪ" ಎಂದರು ಪಾತುಮ್ಮ, ಚಿಪ್ಪು ಕೀಳುತ್ತಲೇ. "ದಿನಾ ಹಿಂದೆ ಹೋಗ್ತದೆ. ಇವತ್ತಿಗಿಂತ ನಾಳೆ ಒಂದು ಅನ್ನ ಬೇಯುವಷ್ಟು ಲೇಟು. ನಾಡಿದ್ದು ಇನ್ನೊಂದು ಅನ್ನ. ಅಮಾಸೆ ಹುಣ್ಣಿಮೆಗೆ ನೋಡಿ, ಮಧ್ಯಾಹ್ನ ಗೋಡೆವರೆಗೆ ತುಂಬಿ ಇರ್ತದೆ. ಆ ದಿನ ಊರಿಂದ ಬಂದವರೆಲ್ಲ ಗಾಡೀಲಿ ಕೂತು ತಿಂದು ಹೋಗೋದು."

ಹುಣ್ಣಿಮೆ ಎಂಬ ಮಾತಿಗೆ ದೇವರಾಜು ಕೆಮ್ಮಿದ.

ಗುರುವಾರ ಊರಿಗೆ ಬಂದವನೇ ಲೆಕ್ಕಕ್ಕೆ ಕೂತ. ಅನ್ನ ಬೇಯಲು ಹದಿನೈದು ನಿಮಿಷ. ಬುಧವಾರದಿಂದ ಭಾನುವಾರಕ್ಕೆ ನಾಲ್ಕು ಅನ್ನ, ಒಂದು ಗಂಟೆ. ಹನ್ನೊಂದೂ ಕಾಲಿಗೆ ಒಂದು ಸೇರಿಸಿದರೆ ಹನ್ನೆರಡೂ ಕಾಲು. ಅವನು ಅದನ್ನು ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದ. ತೇಜಸ್ವಿನಿ ನೋಡಿ, "ಅಪ್ಪ, ಈಗ ನಾಲ್ಕು ಟೈಮಾಯ್ತು" ಎಂದಳು.

ದೇವರಾಜು ಪೆನ್ನು ಎಸೆದ. ಎರಡು ದಿನ ಮನೆ ಬಿಟ್ಟು, ಉಪ್ಪುನೀರಲ್ಲಿ ನಿಂತು, ಮೀನಿನ ಪೆಟ್ಟಿಗೆ ಜೊತೆ ಕೂತು ಬಂದು, ಇದಾ ಗತಿ? ಊಟಕ್ಕೂ ಏಳಲಿಲ್ಲ. ವನಜಮ್ಮ ಅಡಿಗೆಮನೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು.

"ಯಾವಕ್ಕಿ?"

"ಏನು ಯಾವಕ್ಕಿ?"

"ಆ ಯಮ್ಮ ಅನ್ನ ಬೇಯುವಷ್ಟು ಅಂದ್ರಲ್ಲ, ಯಾವಕ್ಕಿ ಬೇಯ್ಸೋದು ಅಂತ ಕೇಳಿದ್ರಾ? ಅವ್ರ ಕಡೆ ಕುಚ್ಚಲಕ್ಕಿ ಅಲ್ವಾ? ಅದು ಸೌದೆ ಒಲೇಲಿ ಹದಿನೈದು ನಿಮಿಷಕ್ಕೆ ಬೆಂದ್ರೆ ನನ್ನ ಹೆಸ್ರು ಬೇರೆ ಇಡಿ."

ದೇವರಾಜು ಕೂಡಲೇ ಮೊಯ್ದುವಿಗೆ ಫೋನ್ ಮಾಡಿದ.

"ಮೊಯ್ದು, ನಿಮ್ಮ ಎಳೇಮ ಅನ್ನ ಬೇಯ್ಸಕ್ಕೆ ಎಷ್ಟೊತ್ತು ತಗೋತಾರೆ?"

"ಎಂತಾಯ್ತು ಸೌಡಿಯಣ್ಣ? ಊಟ ಸರಿ ಆಗ್ಲಿಲ್ವಾ ನಿಮಗೆ?"

"ಊಟ ಚೆನ್ನಾಗಿತ್ತಪ್ಪ. ಹೊತ್ತು ಹೇಳು."

"ಕುಚ್ಚಲಕ್ಕಿ ಅಲ್ವಾ? ಮುಕ್ಕಾಲು ಗಂಟೆ ಬೇಕೇ ಬೇಕು. ಮೇಲೆ ಐದು ನಿಮಿಷ ಅಂತ ಹೇಳಿ."

ಐವತ್ತು ನಿಮಿಷ. ನಾಲ್ಕು ಅನ್ನಕ್ಕೆ ಇನ್ನೂರು ನಿಮಿಷ, ಮೂರು ಗಂಟೆ ಇಪ್ಪತ್ತು. ಹನ್ನೊಂದೂ ಕಾಲಿಗೆ ಕೂಡಿಸಿದರೆ ಎರಡು ಮೂವತ್ತೈದು. ತೇಜಸ್ವಿನಿ ಕಿರುಚಿದಳು. ಫೋನಿನ ಎರಡನೆಯ ಉತ್ತರ ಅದೇ ಆಗಿತ್ತು, ಒಂದು ನಿಮಿಷವೂ ಆಚೀಚೆ ಇಲ್ಲ. ಅವಳು ಹಾಗೇ ಬೆರಳು ಮಡಿಚಿ ಎಣಿಸಿ, ಮೊದಲನೆಯ ಉತ್ತರದ ಗುಟ್ಟನ್ನೂ ಹಿಡಿದಳು. ಒಂಬತ್ತು ಐದಕ್ಕೆ ಐದೂವರೆ ಗಂಟೆ ಸೇರಿಸಿದರೆ ಅದೂ ಎರಡು ಮೂವತ್ತೈದೇ. ಆ ಸೈಟಿನವರು ಹೇಳಿದ್ದು ಲಂಡನ್ನಿನ ಗಡಿಯಾರ ನೋಡಿ.

"ನಮ್ಮ ಸಮುದ್ರಕ್ಕೆ ಅವ್ರ ಗಡಿಯಾರ ಯಾಕೆ ಬೇಕಿತ್ತು?" ಎಂದು ದೇವರಾಜು ಬೈದ. ಆದರೆ ಮುಖ ಅರಳಿತ್ತು. ಎದ್ದು ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಸಂಘದವರು ಮಾತ್ರ ನಂಬಲಿಲ್ಲ. ಬೀಚಿಗೆ ಹೋಗುವವರು ಯಾರಾದರೂ ಮಧ್ಯಾಹ್ನ ಎರಡೂವರೆಗೆ ಹೋಗುತ್ತಾರೆಯೇ? ಸಭೆ ಸೇರಿ, ಬೆಳಗಿನ ಜಾವ ಆರಕ್ಕೇ ಹೊರಡುವುದೆಂದು ಕೈಯೆತ್ತಿ ತೀರ್ಮಾನಿಸಿದರು. ವನಜಮ್ಮ ಒಬ್ಬಳೇ ಕೈಯೆತ್ತಲಿಲ್ಲ.

ದೇವರಾಜುವನ್ನೂ ಕೂರಿಸಿಕೊಂಡು ಹೊರಟ ಗಾಡಿ ಭಾನುವಾರ ಹತ್ತಕ್ಕೆ ಸ್ವಲ್ಪ ಮುಂಚೆ ಪಾರಕಡವು ತಲುಪಿತು. ನೀರು ಗೋಡೆಗೆ ತಾಗಿಕೊಂಡೇ ಇತ್ತು. ಚಲುವಮ್ಮ ಕಿಟಕಿಯಿಂದ ತಲೆ ಹೊರಹಾಕಿ ನೋಡಿ, "ಸೌಡಿಯಣ್ಣ, ಹೋದ್ಸಲದ ಗೋಡೇನೇ ಅಲ್ವಾ ಇದು? ಸುಣ್ಣ ಹೊಡ್ಸಿದಾರೆ" ಎಂದಳು.

ದೇವರಾಜು ಬಾಗಿಲು ತೆಗೆದು ಇಳಿದ. ನಾಲೆಯ ಏರಿಯ ಮೇಲೆ ನಿಂತು ನೂರು ಜನ ರೈತರ ಮುಂದೆ ಮಾತಾಡುತ್ತಿದ್ದ ಆ ಹಳೆಯ ಗತ್ತಿನಲ್ಲಿ ಹೇಳಿದ: "ಎಲ್ರೂ ಇಳೀರಿ. ತಿಂಡಿ ತಿನ್ನಿ. ಹನ್ನೊಂದೂವರೆಗೆ ಮರಳು ಕಾಣ್ತದೆ. ಒಂದು ಗಂಟೆಗೆ ನೀರಿಗೆ ಇಳೀಬೌದು. ಎರಡು ಮೂವತ್ತೈದಕ್ಕೆ ಆ ಮೂರನೇ ಕಲ್ಲು ಪೂರ್ತಿ ಕಾಣ್ತದೆ. ನಾಲ್ಕಕ್ಕೆ ಎಲ್ರೂ ಮೇಲೆ."

"ಮೂರನೇ ಕಲ್ಲಾ? ಎರಡೇ ಅವೆ" ಎಂದಳು ಮುದ್ದಿ, ಸಂಘದಲ್ಲಿ ಎಲ್ಲರಿಗಿಂತ ಚಿಕ್ಕವಳು.

"ಅದೆ. ಬತ್ತದೆ."

ಹೇಳಿದನೇ ಹೊರತು, ತಟ್ಟೆಯ ಇಡ್ಲಿ ಮುಟ್ಟದೆ ಗೋಡೆಯ ಮೇಲೆ ಕೂತು ಗಳಿಗೆಗೊಮ್ಮೆ ಕೆಳಗೆ ಬಗ್ಗಿ ನೋಡುತ್ತಿದ್ದ. ಹತ್ತೂವರೆ. ಹನ್ನೊಂದು. ನೀರು ಇಳಿದಿದೆಯೋ ಇಲ್ಲವೋ ತಿಳಿಯದು. ಎಲ್ಲಿಯಾದರೂ ಸಮುದ್ರ ಇವತ್ತು ಬೇರೆ ಅಕ್ಕಿ ಇಟ್ಟಿದ್ದರೆ? ವನಜಮ್ಮ ಪಕ್ಕದಲ್ಲಿ ಬಂದು ಕೂತು ಅವನ ಕೈಗೆ ಕಾಫಿ ಲೋಟ ಕೊಟ್ಟಳು. "ಬತ್ತದೆ ಬಿಡಿ" ಎಂದಳು ಮೆಲ್ಲಗೆ. ಹನ್ನೊಂದು ಇಪ್ಪತ್ತಕ್ಕೆ ಗೋಡೆಯ ಬುಡದಲ್ಲಿ ಪಂಚೆಯ ಅಂಚಿನಷ್ಟು ಅಗಲದ ಮರಳು ಕಾಣಿಸಿತು.

ಮುದ್ದಿ ಮೊದಲು ಇಳಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ. ಅಂಚು ಚಾಪೆಯಾಯಿತು, ಚಾಪೆ ಕಣವಾಯಿತು. ಒಂದು ಗಂಟೆಗೆ ಅಲ್ಲಿ ಹದಿನಾಲ್ಕು ಜನ ಹೆಂಗಸರು ಸೀರೆ ಎತ್ತಿಕಟ್ಟಿ, ಕೈ ಕೈ ಹಿಡಿದು, ಪ್ರತಿ ಅಲೆಗೂ ಹುಯ್ಯೆಂದು ಕೂಗುತ್ತಾ ನಿಂತಿದ್ದರು. ಹಾಲಿನ ಡೇರಿಯಲ್ಲಿ ಯಾರಿಗೂ ಸೋಲದ ಚಲುವಮ್ಮ ಒಂದು ಅಲೆಗೆ ಅಂಗಾತ ಬಿದ್ದು, ಬಾಯಿ ತುಂಬ ನೀರು ಕುಡಿದು ಎದ್ದು, "ಅಯ್ಯಯ್ಯೋ ಉಪ್ಪು ಕಣ್ರೇ, ನಿಜವಾಗ್ಲೂ ಉಪ್ಪು!" ಎಂದು ಕೂಗಿದಳು. ಮನೆಯಲ್ಲಿರುವ ಅವಳ ಅತ್ತೆ ತೊಂಬತ್ತು ವರ್ಷದವರು, ಸಮುದ್ರ ಕಂಡವರಲ್ಲ. ಅಷ್ಟು ನೀರಿಗೆ ಉಪ್ಪು ಹಾಕಿದವರು ಯಾರು, ಎಲ್ಲ ಸುಳ್ಳು ಎಂದು ಅವರ ವಾದ. ಚಲುವಮ್ಮ ಹಟ ಬಿಡದೆ ಎರಡು ಬಾಟಲಿಗೆ ನೀರು ತುಂಬಿಕೊಂಡಳು. ಅವಳನ್ನು ನೋಡಿ ಎಲ್ಲರೂ ತುಂಬಿಕೊಂಡರು. ಬಾಟಲಿ ಸಾಲದೆ ಮುದ್ದಿ ಟೀ ಅಂಗಡಿಯ ಹಿಂದೆ ಬಿದ್ದಿದ್ದ ಖಾಲಿ ಗಾಜಿನ ಶೀಶೆಗಳನ್ನು ಆರಿಸಿ ತಂದಳು.

ದೇವರಾಜು ಮರಳಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದ. ಎರಡು ಮೂವತ್ತೈದಾಯಿತು. ಮೂರನೇ ಬಂಡೆಯ ಹೊಟ್ಟೆ ಇನ್ನೂ ಅರ್ಧ ನೀರಿನಲ್ಲಿತ್ತು. ಎರಡು ನಲವತ್ತು. ಎರಡು ನಲವತ್ತೈದು. ಎರಡು ಐವತ್ತಕ್ಕೆ ಪೂರ್ತಿ ಕಂಡಿತು. ಬುಟ್ಟಿ ಹಿಡಿದು ಬಂದ ಪಾತುಮ್ಮನಿಗೆ ಅವನು ಕೈಗಡಿಯಾರ ತೋರಿಸಿದ.

"ಹದಿನೈದು ನಿಮಿಷ ಲೇಟು ಎಳೇಮ!"

"ಒಲೆಗೆ ಹಸಿ ಸೌದೆ ಹಾಕಿದ್ದೇನೋ" ಎಂದು ಪಾತುಮ್ಮ ಬಂಡೆಯ ಕಡೆ ನಡೆದರು.

ನಾಲ್ಕಕ್ಕೆ ಎಲ್ಲರೂ ಮೇಲೆ ಎಂದದ್ದನ್ನು ಯಾರೂ ಕೇಳಲಿಲ್ಲ. ನಾಲ್ಕೂವರೆಯಾದರೂ ಚಲುವಮ್ಮ, "ಇನ್ನೊಂದೇ ಒಂದು ಅಲೆ ಸೌಡಿಯಣ್ಣ" ಎನ್ನುತ್ತಿದ್ದಳು. ಕೊನೆಗೆ ದೇವರಾಜು ಪ್ಯಾಂಟು ಮಡಿಚಿ ಒಳಗೇ ಹೋಗಿ, ಕುರಿ ಅಟ್ಟುವಂತೆ ಎರಡೂ ಕೈ ಚಾಚಿ ಎಲ್ಲರನ್ನೂ ದಡಕ್ಕೆ ತಂದ. ವನಜಮ್ಮನನ್ನು ಮಾತ್ರ ಕರೆಯಲಿಲ್ಲ. ಅವಳ ಪಕ್ಕ ನಿಂತು, ಇಬ್ಬರೂ ಎರಡು ಅಲೆ ಹೆಚ್ಚಿಗೆ ಕಾಲಿಗೆ ಬಡಿಸಿಕೊಂಡು ಬಂದರು.

ಘಾಟಿಯ ಬುಡದ ಚೆಕ್‌ಪೋಸ್ಟ್ ತಲುಪಿದಾಗ ಆರೂಕಾಲು ದಾಟಿತ್ತು. ಗಡಿಯಾಚೆಯಿಂದ ಬರುವ ಗಾಡಿಗಳಲ್ಲಿ ಮದ್ಯ ಇದೆಯೇ ಎಂದು ನೋಡುವುದು ಅಲ್ಲಿಯ ವಾಡಿಕೆ. ಪೇದೆ ಟಾರ್ಚ್ ಹಿಡಿದು ಹತ್ತಿದ. ಸೀಟಿನ ಕೆಳಗೆ ನೋಡಿದರೆ ಬಾಟಲಿ, ಪಕ್ಕದ ಸೀಟಿನ ಕೆಳಗೂ ಬಾಟಲಿ. ಮುದ್ದಿಯ ಮಡಿಲಲ್ಲಿ ನಾಲ್ಕು ಗಾಜಿನ ಶೀಶೆಗಳು, ಅವುಗಳ ಮೇಲೆ ಹಳೆಯ ಲೇಬಲ್ ಕೂಡ ಹಾಗೇ ಇದೆ.

"ಏನಮ್ಮ ಇದೆಲ್ಲ?"

"ಸಮುದ್ರ ಸಾರ್" ಎಂದಳು ಮುದ್ದಿ.

"ಎಲ್ರೂ ಸೇರಿ ತಮಾಷೆ ಮಾಡ್ತಿದೀರಾ?" ಪೇದೆ ಆ ಹೆಂಗಸರ ನಡುವೆ ಕೂತಿದ್ದ ಒಬ್ಬನೇ ಗಂಡಸಾದ ದೇವರಾಜುವಿನ ಕಡೆ ತಿರುಗಿದ. "ನೀವು ಹೇಳಿ ಯಜಮಾನ್ರೆ, ಏನಿದು?"

"ಅವ್ರು ಹೇಳಿದ್ದೇ ಸಾರ್. ಮಧ್ಯಾಹ್ನ ಎರಡು ಐವತ್ತರದ್ದು" ಎಂದ ದೇವರಾಜು.

ಪೇದೆ ಒಂದು ಶೀಶೆಯ ಮುಚ್ಚಳ ತೆಗೆದು ಮೂಸಿದ. ಅನುಮಾನ ಹೋಗಲಿಲ್ಲ. ಅಂಗೈಗೆ ಸ್ವಲ್ಪ ಸುರಿದುಕೊಂಡು ನೆಕ್ಕಿದ. ಮುಖ ಹುಳ್ಳಗಾಗಿ, ಕಿಟಕಿಯಿಂದ ಹೊರಗೆ ಉಗಿದ. ಗಾಡಿಯೊಳಗೆ ಹದಿನಾಲ್ಕು ಜನರೂ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು.

"ಇನ್ನೂ ಇಪ್ಪತ್ತಮೂರು ಅವೆ ಸಾರ್" ಎಂದಳು ಚಲುವಮ್ಮ ವಿನಯದಿಂದ. "ಎಲ್ಲಾನೂ ಚೆಕ್ ಮಾಡ್ತೀರಾ?"

ಪೇದೆ ಕೆಳಗಿಳಿದು ಗೇಟು ಎತ್ತಿಸಿದ.